ಅಡ್ಡಹೆಸರಿನ ಅರ್ಥ ಹೇಳುವ ಉಳಿಯಮ್ಮನನ್ನು ನಂಬಬಹುದೇ?

ಬೆಳಕು ಇನ್ನೂ ನೆಲಕ್ಕೆ ಇಳಿದಿಲ್ಲ, ಎದುರು ಕಟ್ಟಡದ ಮೇಲಿನ ಕಿಟಕಿಗಳಿಗಷ್ಟೇ ತಾಗಿದೆ. ಒಂದೇ ಬಾಗಿಲಿನ ಪುಟ್ಟ ಅಂಗಡಿಯ ಹೊಸ್ತಿಲಲ್ಲಿ ಹೆಂಗಸೊಬ್ಬರು ಹಿತ್ತಾಳೆ ಫಲಕವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ತಲೆ ಓರೆ ಮಾಡಿ, ಬಿಸಿಲಿಗೆ ಕಾಯುತ್ತಿದ್ದಾರೆ. ಓರೆ ಬಿಸಿಲು ಬಿದ್ದ ಕೂಡಲೇ ಕೆತ್ತಿದ ಅಕ್ಷರಗಳೊಳಗೆ ನೆರಳು ತುಂಬಿಕೊಳ್ಳುತ್ತದೆ. ನೆರಳು ಎಲ್ಲ ಕಡೆ ಒಂದೇ ಸಮ ಇದ್ದರೆ ಆಳ ಸರಿಯಾಗಿದೆ ಎಂದರ್ಥ. ಎಲ್ಲಾದರೂ ತೆಳ್ಳಗಾದರೆ ಮತ್ತೆ ಉಳಿ ಹಿಡಿಯಬೇಕು. "ನೆತ್ತಿ ಮೇಲೆ ಬಂದ ಬಿಸಿಲು ಎಲ್ಲಾನೂ ಚೆಂದ ತೋರಿಸುತ್ತೆ. ಅದನ್ನ ನಂಬೋ ಹಾಗಿಲ್ಲ," ಎನ್ನುತ್ತಾರೆ. ಈ ಒಂದು ಮಾತಿನಲ್ಲಿ ಮಾತ್ರ ನನಗೂ ಅವರಿಗೂ ಮೊದಲ ದಿನವೇ ತಾಳ ಕೂಡಿತು.

ಬೀದಿಯವರ ಬಾಯಲ್ಲಿ ಇವರು ಉಳಿಯಮ್ಮ. ವಯಸ್ಸು ಅರವತ್ತು ದಾಟಿದೆ. ಮನೆ ಬಾಗಿಲಿಗೆ ಹಾಕುವ ಹೆಸರಿನ ಫಲಕ ಕೆತ್ತುವುದು ಇವರ ಕೆಲಸ. ಫಲಕದ ಜೊತೆಗೆ ಮನೆತನದ ಹೆಸರಿನ, ಅಂದರೆ ಅಡ್ಡಹೆಸರಿನ ಅರ್ಥವನ್ನೂ ಪುಕ್ಕಟೆಯಾಗಿ ಹೇಳಿ ಕಳಿಸುತ್ತಾರಂತೆ, ಅದು ಯಾವ ದೇಶದ ಹೆಸರಾದರೂ ಸರಿ. "ಒಳ್ಳೇ ಲೇಖನ ಆಗುತ್ತೆ, ಹೋಗಿ ಬಾ," ಎಂದು ಸಂಪಾದಕರು ಹೇಳಿದಾಗಲೇ ನಾನು ಮೂಗು ಮುರಿದಿದ್ದೆ. ಪುಕ್ಕಟೆ ಸಿಗುವ ಜ್ಞಾನದ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ನಿಮ್ಮ ಮುತ್ತಾತ ಸೇನಾಪತಿಯಾಗಿದ್ದ ಎಂದರೆ ಯಾವ ಗಿರಾಕಿ ತಾನೇ ಸಣ್ಣ ಫಲಕ ಬರೆಸುತ್ತಾನೆ? ಬೆಳ್ಳಗಿರುವುದೆಲ್ಲ ಹಾಲಲ್ಲ. ಇಷ್ಟು ವರ್ಷ ಪುರವಣಿಗೆ ಬರೆದ ನಾನು ಯಾವ ಎಲೆಮರೆಯ ಕಾಯನ್ನೂ ಹಿಸುಕಿ ನೋಡದೆ ಬುಟ್ಟಿಗೆ ಹಾಕಿಕೊಂಡವನಲ್ಲ.

ಹಾಗಾಗಿ ಮೊದಲು ಒಂದು ಪರೀಕ್ಷೆ ಒಡ್ಡುತ್ತೇನೆ. ನನ್ನದೇ ಅಡ್ಡಹೆಸರು ಹೇಳಿ ಅರ್ಥ ಕೇಳುತ್ತೇನೆ. ಉತ್ತರ ನನಗೆ ಗೊತ್ತು. ನಮ್ಮ ತಾತ ಮೀಸೆ ತಿರುವಿಕೊಂಡು ಹೇಳುತ್ತಿದ್ದದ್ದು ಕಿವಿಯಲ್ಲೇ ಇದೆ: ನಾವು ರಾಜರ ಭಂಡಾರ ಕಾಯುತ್ತಿದ್ದವರು. ಉಳಿಯಮ್ಮ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಮನೆ ಸ್ವಂತದ್ದಾ, ಬಾಡಿಗೇದಾ?" ಎಂದು ಕೇಳುತ್ತಾರೆ. ಫಲಕದ ಅಳತೆಗೆ ಕೇಳುತ್ತಿದ್ದಾರೆಂದುಕೊಂಡು ಸ್ವಂತದ್ದು ಎನ್ನುತ್ತೇನೆ.

"ಹಾಗಾದ್ರೆ ಹೇಳ್ತೀನಿ. ಭಂಡಾರ ಹೊರೋ ಕತ್ತೆಗಳು ಇರ್ತಿದ್ವಲ್ಲ, ಅವನ್ನ ಮೇಯಿಸ್ತಿದ್ದೋರು ನಿಮ್ಮ ಕಡೆಯವರು. ಮೂರು ಬಾಯಲ್ಲಿ ಕೇಳಿದ್ದು."

ನನ್ನ ಮುಖ ಹುಳ್ಳಗಾಗುತ್ತದೆ. ಜೊತೆಗೆ, ಮುಚ್ಚಿಡುವುದೇಕೆ, ಒಳಗೊಳಗೇ ಖುಷಿಯೂ ಆಗುತ್ತದೆ. ಬಾಯಿಗೆ ಬಂದದ್ದು ಹೇಳುತ್ತಾರೆ ಎನ್ನುವುದಕ್ಕೆ ಮೊದಲ ಸಾಕ್ಷಿ ಸಿಕ್ಕಿತು ಎಂದು ಮೂಲೆಯ ಸ್ಟೂಲು ಎಳೆದುಕೊಂಡು ಕೂರುತ್ತೇನೆ.

ಅಂಗಡಿ ಅಂದರೆ ಎರಡು ಮಾರು ಉದ್ದದ ಕೋಣೆ. ಮರದ ದಿಮ್ಮಿ, ಅದರ ಮೇಲೆ ಸೀಸದ ಹಾಸು, ಹಾಸಿನ ಮೇಲೆ ಫಲಕ. ಗೋಡೆಗೆ ಆನಿಸಿದ ಹಳೆಯ ಫಲಕಗಳು, ಮನೆ ಬಿಟ್ಟು ಹೋದವರದು, ತೀರಿಕೊಂಡವರದು. ಹೊಸ ಹಿತ್ತಾಳೆ ದುಬಾರಿಯಾದ್ದರಿಂದ ಇವುಗಳ ಬೆನ್ನಿಗೆ ಹೊಸ ಹೆಸರು ಕೆತ್ತುವುದು ರೂಢಿ. "ಈ ಬೀದೀಲಿ ಅರ್ಧ ಜನರ ಹೆಸರಿನ ಬೆನ್ನಿಗೆ ಇನ್ಯಾರದೋ ಹೆಸರಿದೆ. ಗೋಡೆ ಕಡೆ ಮುಖ ಮಾಡಿರೋದ್ರಿಂದ ಯಾರಿಗೂ ಕಾಣಲ್ಲ," ಎನ್ನುತ್ತಾರೆ. ದಿನಕ್ಕೆ ಒಂದು ಫಲಕ, ಉದ್ದದ ಹೆಸರಾದರೆ ಎರಡು ದಿನಕ್ಕೊಂದು.

ಉಳಿ ಮೊದಲು ಗಂಡನ ಕೈಯಲ್ಲಿತ್ತು. ಅವರಿಗೆ ಕೈ ನಡುಗುವ ಕಾಯಿಲೆ ಬಂದಾಗ ಇವರು ದಿಮ್ಮಿಯ ಮುಂದೆ ಕೂತರು. ಗಂಡ ಸೀಮೆಸುಣ್ಣದಲ್ಲಿ ಅಕ್ಷರ ಬರೆಯುವುದು, ಇವರು ಕೆತ್ತುವುದು. ಹೆಂಗಸು ಕೆತ್ತಿದ ಬೋರ್ಡು ನೆಟ್ಟಗಿರುತ್ತಾ ಎಂದು ಮುಂಗಡ ವಾಪಸು ಕೇಳಿದವರಿದ್ದರು. ಕಡೆಕಡೆಗೆ ಸೀಮೆಸುಣ್ಣವೂ ಗಂಡನ ಕೈಗೆ ಭಾರವಾಯಿತು. ಅವರು ತೀರಿಕೊಂಡ ವರ್ಷವೇ ಹಿತ್ತಾಳೆಯ ಚೂರು ಸಿಡಿದು ಇವರ ಎಡಗಣ್ಣು ಮಂಜಾಯಿತು. ತಲೆ ಓರೆ ಮಾಡಿ ನೋಡುವುದು ಅದಕ್ಕೇ. ನಾನು ಅದನ್ನು ಮೊದಲು ಠೀವಿ ಎಂದುಕೊಂಡಿದ್ದೆ.

"ಅರ್ಥ ಕೇಳೋ ಹುಚ್ಚು ಆಮೇಲೆ ಹತ್ತಿದ್ದು," ಎನ್ನುತ್ತಾರೆ. "ಏನು ಕೆತ್ತುತ್ತಿದ್ದೀನಿ ಅಂತ ಗೊತ್ತಿಲ್ಲದಿದ್ರೆ ಕೈ ಓಡಲ್ಲ. ಆದ್ರೆ ಅಡ್ಡಹೆಸರು ವಿಚಾರಿಸಿದ್ರೆ ಜನ ಹೆದರ್ತಾರೆ. ಇವಳ್ಯಾಕೆ ನಮ್ಮ ಮೂಲ ಕೆದಕ್ತಾಳೆ, ಆಮೇಲೆ ಯಾರಿಗೆ ಹೇಳ್ತಾಳೆ ಅಂತ. ತಪ್ಪಿಲ್ಲ ಬಿಡಿ. ಋಷಿ ಮೂಲ, ನದಿ ಮೂಲ ಹುಡುಕಬಾರದು ಅಂತಾರೆ. ಬಡವರ ಮೂಲ ಮಾತ್ರ ಎಲ್ಲರೂ ಹುಡುಕ್ತಾರೆ." ಅದಕ್ಕೇ ಇವರು ಮೊದಲು ತಮ್ಮದನ್ನು ಹೇಳಿಕೊಳ್ಳುತ್ತಾರೆ: ನಮ್ಮದು ಗಾಣದ ಹೆಸರು, ಎಣ್ಣೆ ತೆಗೆಯುತ್ತಿದ್ದೋರು, ಈಗ ನಿಮ್ಮದು ಹೇಳಿ. ಹೀಗೆ ಕೇಳಿದ್ದನ್ನೆಲ್ಲ ನಂಬುವುದಿಲ್ಲ. ಅದೇ ಹೆಸರಿನವರೋ ಅದೇ ಭಾಷೆಯವರೋ, ಮೂರು ಬಾಯಲ್ಲಿ ಒಂದೇ ಅರ್ಥ ಬರಬೇಕು. ಅಲ್ಲಿಯವರೆಗೆ ಯಾರು ಕೇಳಿದರೂ ಗೊತ್ತಿಲ್ಲ ಎನ್ನುತ್ತಾರೆ. ಗೊತ್ತಿರುವುದನ್ನು ಹೇಳುವಾಗ ಪ್ರತಿ ಸಲವೂ "ಮೂರು ಬಾಯಲ್ಲಿ ಕೇಳಿದ್ದು" ಎಂದು ಸೇರಿಸುತ್ತಾರೆ. ಅವರ ಮುದ್ರೆ ಅದು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆಯ ಮೇಲೆ ನನ್ನ ಸಂಸಾರ ನಡೆಯುತ್ತಿದೆ. ನಾಲ್ಕಾರು ದಿನ ಅಂಗಡಿಯಲ್ಲಿ ಕೂತು, ಅವರು ಹೇಳಿದ್ದನ್ನೆಲ್ಲ ಗುರುತು ಹಾಕಿಕೊಂಡು ಗ್ರಂಥಾಲಯಕ್ಕೆ ಹೋಗಿ ತಾಳೆ ನೋಡುತ್ತೇನೆ. ಇಂಗ್ಲಿಷಿನ ಸ್ಮಿತ್, ಜರ್ಮನಿಯ ಶ್ಮಿಟ್, ರಷ್ಯಾದ ಕುಜ್ನೆತ್ಸೊವ್, ಅರಬ್ಬಿಯ ಹದ್ದಾದ್, ಎಲ್ಲರೂ ನಮ್ಮ ಕಮ್ಮಾರರೇ. ಹೌದು, ಪುಸ್ತಕದಲ್ಲೂ ಹಾಗೇ ಇದೆ. ಜಪಾನಿನ ಯಮಮೊಟೊ ಬೆಟ್ಟದ ಬುಡದವನು, ತನಾಕ ಗದ್ದೆ ನಡುವಿನವನು. ಹೌದು. ಐಸ್‌ಲ್ಯಾಂಡಿನಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರೇ ಇಲ್ಲ, ಇಂಥವನ ಮಗ, ಇಂಥವನ ಮಗಳು ಎಂದಷ್ಟೇ. ಅದೂ ಸರಿ. ಸ್ಕಾಟ್ಲೆಂಡಿನ ಕ್ಯಾಮರೂನ್ ಎಂದರೆ ಡೊಂಕು ಮೂಗು. ಚೀನಾದ ವಾಂಗ್ ಎಂದರೆ ರಾಜ. ಆ ಹೆಸರಿನ ಗಡಿಯಾರ ರಿಪೇರಿಯವರೊಬ್ಬರು ಫಲಕದ ಬಾಕಿಗೆ ವಾಯಿದೆ ಕೇಳಿದಾಗ ಉಳಿಯಮ್ಮ, "ಹೆಸರು ಕ್ಷೀರಸಾಗರ ಭಟ್ಟ, ಮನೇಲಿ ಮಜ್ಜಿಗೆ ನೀರಿಗೂ ಗತಿಯಿಲ್ಲ," ಎಂದು ಚುಡಾಯಿಸಿದ್ದರಂತೆ. ಇಟಲಿಯ ಎಸ್ಪೊಸಿಟೊ ಇದ್ದ ಪುಟವನ್ನು ಮಾತ್ರ ಎರಡು ಸಲ ಓದುತ್ತೇನೆ. ಹೆತ್ತವರು ಬಿಟ್ಟುಹೋದ ಕೂಸುಗಳಿಗೆ ಒಂದು ಕಾಲದಲ್ಲಿ ಇಡುತ್ತಿದ್ದ ಹೆಸರು ಅದು. ಹೊರಗೆ ಇಡಲಾದದ್ದು ಎಂದು ಅರ್ಥ.

ಉಳಿದದ್ದು ನನ್ನ ಕತ್ತೆ. ಸಂಜೆ ನಮ್ಮ ದೊಡ್ಡ ಸೋದರತ್ತೆಗೆ ಫೋನು ಮಾಡುತ್ತೇನೆ. ಅತ್ತೆ ನಗತೊಡಗುತ್ತಾರೆ. "ಯಾರೋ ಹೇಳಿದ್ದು ನಿಂಗೆ? ಭಂಡಾರ ಗಿಂಡಾರ ಎಲ್ಲ ಅಪ್ಪ ನಿಮ್ಮಮ್ಮನ ಕಡೆಯವರ ಮುಂದೆ ಬಿಟ್ಟ ಬುರುಡೆ. ಕತ್ತೆ ನಿಜ ಕಣೋ." ನಾನು ಫೋನು ಇಡುತ್ತೇನೆ. ನಂಬಬಹುದು ಎಂದು ಲೇಖನ ಬರೆದು ಮುಗಿಸಿಬಿಡಬಹುದಿತ್ತು. ಆದರೆ ಮರುದಿನ ಇನ್ನೊಮ್ಮೆ ಹೋಗುತ್ತೇನೆ.

ಅಂಗಡಿ ಮುಂದೆ ತಳ್ಳುಗಾಡಿ ನಿಂತಿದೆ. ಮೇಲೆ ಹೊಲಿಗೆ ಯಂತ್ರ, ಹಾಸಿಗೆ ಸುರುಳಿ, ಪಾತ್ರೆ ಮೂಟೆ. ಪಕ್ಕದಲ್ಲಿ ದರ್ಜಿ ಕೆಲಸದ ಹೆಂಗಸು, ಅವರ ವಯಸ್ಸಾದ ಮಾವ. ಎದುರು ಕಟ್ಟಡದ ಎರಡನೇ ಮಹಡಿಯ ಕೋಣೆ ಇವರಿಗೆ ಬಾಡಿಗೆಗೆ ಗೊತ್ತಾಗಿದೆ, ಹಳೆ ಮನೆಯ ಬೀಗ ಒಪ್ಪಿಸಿ ಬಂದಿದ್ದಾರೆ. ಬಾಗಿಲಿಗೆ ಫಲಕ ಇರಲೇಬೇಕು ಎನ್ನುವುದು ಆ ಕಟ್ಟಡದ ನಿಯಮ. ಈಗ ಕಟ್ಟಡದ ಯಜಮಾನರು ಅರ್ಧ ಕೆತ್ತಿದ ಫಲಕದ ಮೇಲೆ ಬೆರಳಿಟ್ಟು ನಿಂತಿದ್ದಾರೆ. ಇನ್ನೊಂದು ಕೈಯಲ್ಲಿ ಬೀಗದ ಕೈಗೊಂಚಲು.

"ಈ ಹೆಸರು ನಾನು ಕೇಳೇ ಇಲ್ಲ. ಯಾವ ಜನ ಇವರು?"

"ಬಾಡಿಗೆಗೆ ಒಪ್ಪಿಕೊಂಡಿದ್ರಲ್ಲ," ಎನ್ನುತ್ತಾರೆ ಉಳಿಯಮ್ಮ.

"ಆಗ ಮುಖ ನೋಡಿದ್ದೆ, ಈಗ ಹೆಸರು ನೋಡ್ತಿದ್ದೀನಿ. ಮೇಲಿನ ಮಹಡಿಯವರೂ ಕೇಳ್ತಿದ್ದಾರೆ. ನಾಳೆ ಏನಾದ್ರೂ ಆದ್ರೆ ನಾನು ಯಾರನ್ನ ಕೇಳ್ಲಿ?" ಅವರು ದರ್ಜಿಯ ಕಡೆ ತಿರುಗುತ್ತಾರೆ. "ನೀವೇ ಹೇಳಿ, ಏನಮ್ಮಾ ಇದರರ್ಥ?"

"ಗೊತ್ತಿಲ್ಲ ಸಾರ್. ಗಂಡನ ಮನೆ ಹೆಸರು." ಆಕೆ ಮಾವನನ್ನು ನೋಡುತ್ತಾರೆ. ಮಾವ ಹೊಲಿಗೆ ಯಂತ್ರಕ್ಕೆ ಕಟ್ಟಿದ ಹಗ್ಗವನ್ನು ಬಿಗಿಮಾಡುತ್ತಾರೆ, ಅದು ಆಗಲೇ ಬಿಗಿಯಾಗಿದೆ.

"ಹೋಗ್ಲಿ, ನೀವು ಹೇಳಿ ಉಳಿಯಮ್ಮ. ನೀವು ಮುಲಾಜು ನೋಡೋರಲ್ಲ. ನಮ್ಮ ಹೆಸರಿಗೆ ಬೋಳುತಲೆ ಅಂತ ನನ್ನ ಮುಖಕ್ಕೇ ಹೇಳಿದೋರು ನೀವು." ಯಜಮಾನರ ತಲೆಯಲ್ಲಿ ನಿಜಕ್ಕೂ ಒಂದು ಕೂದಲಿಲ್ಲ. "ನಿಮ್ಮ ಮಾತಿನ ಮೇಲೆ ಬೀಗದ ಕೈ ಕೊಡ್ತೀನಿ. ಇಲ್ಲಾಂದ್ರೆ ಗಾಡಿ ಹಾಗೇ ವಾಪಸು."

ಉಳಿಯಮ್ಮ ಮಾತಾಡುವಾಗ ಕೈ ನಿಲ್ಲಿಸುವವರಲ್ಲ. ಇಷ್ಟು ದಿನ ಕೂತು ನೋಡಿದ್ದೇನೆ. ಈಗ ಉಳಿ ನಿಲ್ಲುತ್ತದೆ.

"ಬಾವಿ ತೋಡೋರು," ಎನ್ನುತ್ತಾರೆ, ತಲೆ ಎತ್ತದೆ. "ನೆಲ ನೋಡಿ ನೀರು ಎಲ್ಲಿದೆ ಅಂತ ಹೇಳ್ತಿದ್ದೋರು. ಇಂಥೋರು ಬಂದ್ರೆ ನಿಮ್ಮ ಕಟ್ಟಡಕ್ಕೆ ಒಳ್ಳೇದೇ."

"ಅಷ್ಟೇ ತಾನೆ," ಎಂದು ಯಜಮಾನರು ಗೊಂಚಲಿನಿಂದ ಒಂದು ಬೀಗದ ಕೈ ಬಿಡಿಸುತ್ತಾರೆ. ಗಾಡಿ ರಸ್ತೆ ದಾಟುತ್ತದೆ. ಉಳಿ ಮತ್ತೆ ಟಕಟಕ ಎನ್ನುತ್ತದೆ. ನಾನು ಮಾತ್ರ ಸ್ಟೂಲಿನ ಮೇಲೆ ಚಡಪಡಿಸುತ್ತೇನೆ. ಉಳಿ ಯಾಕೆ ನಿಂತಿತು? ಅದಕ್ಕಿಂತ ಮುಖ್ಯವಾಗಿ, ಮೂರು ಬಾಯಲ್ಲಿ ಕೇಳಿದ್ದು ಎಂದು ಇವತ್ತು ಯಾಕೆ ಹೇಳಲಿಲ್ಲ?

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಮೊದಲು ಮಾಡುವ ಕೆಲಸ ಯಾವ ಜನ ಎಂದು ಲೆಕ್ಕ ಹಾಕುವುದು. ನಾನೂ ಅದನ್ನೇ ಮಾಡಿದೆ. ಊರು, ಬೀದಿಯ ಗುರುತನ್ನೂ ಕೊಡುವುದಿಲ್ಲ, ಉಳಿದ ಗುರುತುಗಳನ್ನೂ ಅಲ್ಲಲ್ಲಿ ಬದಲಿಸಿದ್ದೇನೆ. ಯಜಮಾನರು ಭಾನುವಾರದ ಪುರವಣಿ ಓದುತ್ತಾರೆ.

ಕೆಲವು ವಾರ ಬಿಟ್ಟು ಆ ಕೋಣೆಗೆ ಹೋಗುತ್ತೇನೆ. ಕಿಟಕಿ ಪಕ್ಕ ಹೊಲಿಗೆ ಯಂತ್ರ ಜಾಗ ಹಿಡಿದಿದೆ. ಸೊಸೆ ಅಳತೆ ತೆಗೆಯಲು ಕೆಳಗೆ ಹೋಗಿದ್ದಾರೆ, ಮಾವ ಗುಂಡಿಗಳನ್ನು ಬಣ್ಣ ನೋಡಿ ವಿಂಗಡಿಸುತ್ತಿದ್ದಾರೆ. ಕಟ್ಟಡದವರು ಈಗ ಅವರನ್ನು ಬಾವಿಯಜ್ಜ ಎನ್ನುತ್ತಾರಂತೆ. ಕಳೆದ ವಾರ ನೆಲಮಾಳಿಗೆಯ ಪಂಪು ನಿಂತಾಗ ಯಜಮಾನರೇ ಬಂದು ಕರೆದುಕೊಂಡು ಹೋದರಂತೆ.

"ಹೋಗಿ ಏನು ಮಾಡಿದ್ರಿ?"

"ಗುಂಡಿ ಒಳಗೆ ಬಗ್ಗಿ ನೋಡ್ದೆ. ನೀರಿದೆ, ಸಂಜೆತನಕ ಕಾಯಿರಿ ಅಂದೆ. ಸಂಜೆಗೆ ರಿಪೇರಿಯವನು ಬಂದ, ನೀರೂ ಬಂತು." ಅವರು ನಗುತ್ತಾರೆ. "ನಾನು ಹುಟ್ಟಿದಾಗಿಂದ ನಲ್ಲಿ ನೀರೇ ಕುಡಿದಿರೋದು ಸ್ವಾಮಿ."

ಹಾಗಾದರೆ ಹೆಸರಿನ ಅರ್ಥ ಎಂದು ನಾನು ರಾಗ ಎಳೆಯುತ್ತೇನೆ. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸುತ್ತಾರೆ.

"ನಮ್ಮಮ್ಮ ಹೇಳಿದ್ರು. ಊರಿಂದ ಓಡಿಸಿದೋರು ಅಂತ. ಯಾವ ಊರೋ, ಯಾಕೆ ಓಡಿಸಿದ್ರೋ, ಯಾರಿಗೂ ನೆನಪಿಲ್ಲ. ಓಡಿಸಿದ್ದು ಮಾತ್ರ ಹೆಸರಾಗಿ ಉಳ್ಕೊಂಡಿದೆ. ಸೊಸೆಗೆ ಇನ್ನೂ ಹೇಳಿಲ್ಲ, ನಾನೇ ಹೇಳ್ಬೇಕು. ಅವತ್ತು ಆಯಮ್ಮ ಪಾಪ ಏನೋ ತಪ್ಪು ತಿಳ್ಕೊಂಡು ಬಾವಿ ಅಂದ್ರು. ನಾನು ತಿದ್ದೋಕೆ ಹೋಗ್ಲಿಲ್ಲ." ಗುಂಡಿಗಳ ಡಬ್ಬಿ ಮುಚ್ಚಿ ನನ್ನನ್ನೇ ನೋಡುತ್ತಾರೆ. "ನೀವು ತಿದ್ತೀರಾ?"

ಎಲ್ಲವನ್ನೂ ಒರೆಗೆ ಹಚ್ಚುವ ನಾನು ಆ ಮುಖ ನೋಡಿ ಟಿಪ್ಪಣಿ ಪುಸ್ತಕ ಮುಚ್ಚುತ್ತೇನೆ. ಇಲ್ಲ ಎನ್ನುತ್ತೇನೆ. ಹೆಸರು, ಊರು ಬರೆಯದಿದ್ದರೆ ಉಳಿದದ್ದು ಬರೆಯಬಹುದು ಎಂದು ಅವರೂ ಒಪ್ಪುತ್ತಾರೆ, ಸೊಸೆಗೆ ತಾವು ಹೇಳಿದ ಮೇಲೆ ಎಂಬ ಷರತ್ತಿನೊಂದಿಗೆ. ಹೇಳಿದ್ದಾರೆ. ಸೊಸೆ ಎರಡು ದಿನ ಫಲಕದ ಕಡೆ ತಿರುಗಿಯೂ ನೋಡಲಿಲ್ಲವಂತೆ. ಮೂರನೇ ದಿನ ಅದನ್ನು ತಾವೇ ಒರೆಸಿದರಂತೆ.

ಮತ್ತೆ ಬೆಳಗು, ಮತ್ತೆ ಅದೇ ಹೊಸ್ತಿಲು. ಉಳಿಯಮ್ಮ ಹೊಸ ಫಲಕವನ್ನು ಬಿಸಿಲಿಗೆ ಹಿಡಿದಿದ್ದಾರೆ. ಕೇಳಬೇಕಾದ್ದನ್ನು ನಾನು ನೇರವಾಗಿ ಕೇಳುತ್ತೇನೆ. ಗೊತ್ತಿಲ್ಲದ ಹೆಸರಿಗೆ ಅವತ್ತು ಅರ್ಥ ಕಟ್ಟಿದ್ದೇಕೆ?

"ಗೊತ್ತಿಲ್ಲ ಅಂತ ಯಾರು ಹೇಳಿದ್ದು? ಊರಿಂದ ಓಡಿಸಿದೋರು. ಮೂರು ಬಾಯಲ್ಲಿ ಕೇಳಿದ್ದು."

ಹಾಗಾದರೆ ಬಾವಿ ಎಂದದ್ದು ಗೊತ್ತಿದ್ದೇ ಹೇಳಿದ ಸುಳ್ಳು. ಇಷ್ಟು ವರ್ಷ ಬೋಳುತಲೆಯವರಿಗೆ ಬೋಳುತಲೆ ಎಂದೇ ಹೇಳಿ ಗಳಿಸಿದ ನಂಬಿಕೆಯನ್ನು ಒಂದೇ ಮಾತಿಗೆ ಖರ್ಚು ಮಾಡಿದ್ದಾರೆ. ಯಜಮಾನರಿಗೆ ಗೊತ್ತಾದರೆ ಈ ಬೀದಿಯಲ್ಲಿ ಇವರ ಮಾತನ್ನು ಮೂಸಿ ನೋಡುವವರಿರುವುದಿಲ್ಲ. ಅದನ್ನೇ ಹೇಳುತ್ತೇನೆ.

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಒಂದೇ ಸುಳ್ಳು ಹೇಳಿ ಒಂದು ಮನೆ ಕೊಡಿಸಿದೀನಿ. ಜಾಸ್ತಿ ಆಯ್ತಾ?" ಉಳಿಯಮ್ಮ ಫಲಕವನ್ನು ತಿರುಗಿಸಿ ನೋಡುತ್ತಾರೆ. "ಅವರ ಬೋರ್ಡು ಸ್ವಲ್ಪ ಆಳವಾಗೇ ಕೆತ್ತಿದೀನಿ. ಎಷ್ಟು ಉಜ್ಜಿದ್ರೂ ಬೇಗ ಸವೆಯಲ್ಲ."

ನನಗೆ ತಡೆಯಲಾಗುವುದಿಲ್ಲ. ಸುಳ್ಳು ಹೇಳುವುದೇ ಆಗಿದ್ದರೆ ನನಗೂ ಒಂದು ಚೆಂದದ ಸುಳ್ಳು ಹೇಳಬಹುದಿತ್ತಲ್ಲ, ತಾತನ ಭಂಡಾರವನ್ನಾದರೂ ಬಿಟ್ಟುಕೊಡಬಹುದಿತ್ತಲ್ಲ, ಕತ್ತೆ ಯಾಕೆ ಎಂದು ಕೇಳಿಯೇ ಬಿಡುತ್ತೇನೆ.

ಉಳಿಯಮ್ಮ ತಲೆ ಓರೆ ಮಾಡಿ, ಕಾಣುವ ಕಣ್ಣಲ್ಲಿ ನನ್ನನ್ನು ನೋಡುತ್ತಾರೆ.

"ಮನೆ ಸ್ವಂತದ್ದು ಅಂದ್ರಲ್ಲ ನೀವು. ಮನೆ ಇರೋರಿಗೆ ನಿಜ ಹೇಳಬಹುದು."