ಅಕ್ಕನ ಅಪ್ಪನಿಗೆ ನಾನು ತೊಡಿಸಿದ ಖಾಕಿ

ಸಿನಿಮಾದವರ ಸಹವಾಸ ಬೇಡ ಎಂದು ಹೆಂಡತಿ ಹೇಳಿದ್ದಳು. ಹೊಲಿಗೆ ಮಾಸ್ತರಿಕೆಯಿಂದ ನಿವೃತ್ತನಾಗಿ, ಶಹಾಬಾದಿನ ಮನೆಯಲ್ಲಿ ನೊಣ ಹೊಡೆಯುತ್ತ ಕೂತಿದ್ದ ನನಗೆ ಆ ಮಾತು ರುಚಿಸಲಿಲ್ಲ. ವಾಡಿಯಲ್ಲಿ ಮದುವೆ ವಿಡಿಯೊ ತೆಗೆಯುವವನೊಬ್ಬ, ನಿಜಾಮನ ಕಾಲದಲ್ಲಿ ಗಡಿ ಶಿಬಿರ ಕಟ್ಟಿಕೊಂಡು ಅಡಗಿ ಹೋರಾಡಿದ ನಮ್ಮ ಕಡೆಯವರ ಮೇಲೆ ಸಿನಿಮಾ ಮಾಡಲು ಹೊರಟಿದ್ದ. ಬಟ್ಟೆಯ ಉಸ್ತುವಾರಿ ನನ್ನ ಪಾಲಿಗೆ ಬಂತು. ಕುಣಿಯುತ್ತ ಹೋದೆ.

ಅದೆಂಥ ಯುದ್ಧ ಅಂತೀರಿ! ಬಂದೂಕುಗಳನ್ನು ಸೇಡಂನ ಬಡಿಗನೊಬ್ಬ ಬೇವಿನ ಕಟ್ಟಿಗೆಯಲ್ಲಿ ಕೆತ್ತಿ ಕರಿ ಬಣ್ಣ ಬಳಿದುಕೊಟ್ಟಿದ್ದ. ಧೋತರಗಳನ್ನು ನಾನೇ ಚಹಾದ ನೀರಿನಲ್ಲಿ ಅದ್ದಿ ಹಳತು ಮಾಡಿದೆ. ಎರಡೂ ಕಡೆಗೆ ಸೇರಿ ಇದ್ದದ್ದು ಹನ್ನೆರಡೇ ಜನ. ಬೆಳಿಗ್ಗೆ ಧೋತರ ಉಟ್ಟು ಹೋರಾಟಗಾರರಾದವರು, ಮಧ್ಯಾಹ್ನ ಊಟ ಮುಗಿಸಿ, ಖಾಕಿ ತೊಟ್ಟು ನಿಜಾಮನ ದಂಡಾಗಿ ತಮ್ಮನ್ನು ತಾವೇ ಹುಡುಕಿಕೊಂಡು ಹೊರಡುತ್ತಿದ್ದರು. ಹಾಳುಬಿದ್ದ ಫರ್ಸಿ ಹಾಸುಗಲ್ಲಿನ ಖಣಿಯಲ್ಲಿ ಎರಡು ಹಗ್ಗ ಕಟ್ಟಿ, ಒಂದರ ಮೇಲೆ ಧೋತರ, ಇನ್ನೊಂದರ ಮೇಲೆ ಖಾಕಿ ನೇತುಹಾಕುತ್ತಿದ್ದೆ. ನನ್ನದೊಂದೇ ಕಟ್ಟಳೆ ಇತ್ತು. ಹೋರಾಟಗಾರನಾಗಿ ಕ್ಯಾಮೆರಾಕ್ಕೆ ಹತ್ತಿರದಿಂದ ಮುಖ ತೋರಿಸಿದವನು ಖಾಕಿಯ ಹಗ್ಗ ಮುಟ್ಟಬಾರದು.

ನಮ್ಮ ಹಿತ್ತಲಿಗೆ ತಾಗಿದ ಮನೆಯಲ್ಲಿ, ಓಣಿಯವರೆಲ್ಲ ಅಕ್ಕ ಎಂದು ಕರೆಯುವ ಒಬ್ಬಳಿದ್ದಾಳೆ. ಎಪ್ಪತ್ತೈದು ದಾಟಿದೆ. ಅವಳ ಅಪ್ಪ ಇದೇ ಖಣಿಗಳಲ್ಲಿ ಕಲ್ಲು ಒಡೆಯುತ್ತಿದ್ದವನು. ಶಿಬಿರದವರು ಇಲ್ಲಿ ಅಡಗಿದ್ದಾಗ ರುಮಾಲಿನಲ್ಲಿ ರೊಟ್ಟಿ ಕಟ್ಟಿಕೊಂಡು ಹೋಗಿ ಕೊಡುತ್ತಿದ್ದ. ಒಂದು ದಿನ ನಿಜಾಮನ ಖಾಕಿಯವರು ದಾರಿಯಲ್ಲೇ ಅವನಿಗೆ ಗುಂಡು ಹೊಡೆದರು. ಆಗ ಅಕ್ಕ ಇನ್ನೂ ಹೊಟ್ಟೆಯಲ್ಲಿದ್ದಳು. ಸಿನಿಮಾದ ಸುದ್ದಿ ಕೇಳಿ ಅವಳು ನನ್ನ ಹತ್ತಿರ ಬಂದಳು.

“ಮಾಸ್ತರ, ನಮ್ಮಪ್ಪಂದು ಒಂದು ಫೋಟೋ ಸುದ್ದಾ ಇಲ್ರಿ. ಸಾಯೋದ್ರೊಳಗ ಒಮ್ಮಿ ಅವನ ಮಾರಿ ನೋಡಬೇಕಂತೀನಿ. ಸುಳ್ಳಿಂದೇ ಆಗ್ಲಿ, ನೋಡ್ತೀನಿ.”

“ತೋರಸ್ತೀನಿ ಅಕ್ಕ,” ಅಂದೆ. ನಾಲಿಗೆಗೆ ಎಲುಬಿಲ್ಲ ನೋಡಿ.

ಆದರೂ ಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಡೈರೆಕ್ಟರನಿಗೆ ಗಂಟುಬಿದ್ದು ರೊಟ್ಟಿ ಒಯ್ಯುವವನ ಪಾತ್ರ ಸೇರಿಸಿದೆ. ಅಪ್ಪ ಎತ್ತರದ ಆಳು, ಎಡಚ ಎಂದು ಅವಳ ಅವ್ವ ಹೇಳುತ್ತಿದ್ದಳಂತೆ. ವಾಡಿಯಲ್ಲಿ ಸಿಮೆಂಟ್ ಚೀಲ ಹೊರುವ ಹಮಾಲರಲ್ಲಿ ಅಂಥವನೊಬ್ಬ ಸಿಕ್ಕ. ಅವನಿಗೆ ಮೂವತ್ತೂ ಆಗಿರಲಿಲ್ಲ. ಧೋತರ ಉಡಿಸಿ ರುಮಾಲು ಸುತ್ತಿ ನಿಲ್ಲಿಸಿದ ದಿನ ಅಕ್ಕ ಬುತ್ತಿ ಕಟ್ಟಿಕೊಂಡು ಖಣಿಗೆ ಬಂದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಅವನನ್ನು ಭಾಳ ಹೊತ್ತು ನೋಡಿದಳು. ಆಮೇಲೆ ರೊಟ್ಟಿ, ಪುಂಡಿಪಲ್ಯ ಬಡಿಸಿ, “ಉಣ್ಣಪಾ, ಅವತ್ತು ನೀ ಉಣಲಾರದೇ ಹೋದಿ,” ಅಂದಳು. ಅವನು ನಾಚಿಕೊಂಡು ನನ್ನ ಮುಖ ನೋಡಿದ. ನನಗೆ ಅಳು ಬಂತು, ಮುಚ್ಚುಮರೆ ಯಾಕೆ.

ಕೊನೆಯ ದಿನ ಚಿಂಚೋಳಿ ಕಡೆ ಗುಡ್ಡದ ಹತ್ತಿರ ಊರು ಸುಡುವ ದೃಶ್ಯ. ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಬದಲಾಗಿ ನಮ್ಮ ಹನ್ನೆರಡು ಜನರಲ್ಲಿ ನಾಲ್ವರು ಬರಲೇ ಇಲ್ಲ. ಹುಲ್ಲಿನ ಗುಡಿಸಲಿಗೆ ಆಗಲೇ ಎಣ್ಣೆ ಸುರಿದಾಗಿತ್ತು. ಡೈರೆಕ್ಟರ್ ರೊಟ್ಟಿಯವನತ್ತ ಕೈ ಮಾಡಿದ.

“ಮಾಸ್ತರ, ಇವಂಗೂ ಖಾಕಿ ಹಾಕ್ರಿ.”

“ಇಂವ ಸತ್ತಾನಲ್ಲೊ ಮಾರಾಯ!”

“ಕ್ಯಾಮೆರಾ ದೂರ ಅದರಿ. ಮಾರಿ ಯಾರಿಗ್ ಕಾಣಸ್ತದ?”

ಬೇಡ ಅನ್ನಬೇಕಿತ್ತು. ಬಿಸಿಲು ಇಳಿಯುತ್ತಿತ್ತು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನ ಕೈಯಾರೆ ಅಂಗಿಯ ಗುಂಡಿ ಹಾಕಿ, ಟೋಪಿಯನ್ನು ಅವನ ಹುಬ್ಬಿನ ತನಕ ಎಳೆದು ಕಳಿಸಿದೆ. ಬೆಂಕಿಯ ಝಳಕ್ಕೆ ಅವನು ಟೋಪಿ ಹಿಂದೆ ಸರಿಸಿದ್ದನ್ನಾಗಲಿ, ಕ್ಯಾಮೆರಾ ದೂರದಿಂದಲೇ ಝೂಮ್ ಮಾಡಿ ಅವನ ಮುಖ ಹಿಡಿದದ್ದನ್ನಾಗಲಿ ಯಾರೂ ಗಮನಿಸಲಿಲ್ಲ.

ಸಿನಿಮಾ ತೋರಿಸಿದ್ದು ಶಹಾಬಾದಿನ ಒಂದು ಮದುವೆ ಹಾಲ್‌ನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಅಕ್ಕ ಹೊಸ ಇಳಕಲ್ ಸೀರೆ ಉಟ್ಟು ಮೊದಲ ಸಾಲಿನಲ್ಲಿ ನನ್ನ ಪಕ್ಕ ಕೂತಳು. ಪರದೆಯ ಮೇಲೆ ರುಮಾಲಿನವನು ಖಣಿಯ ಇಳಿಜಾರಿನಲ್ಲಿ ಇಳಿದುಬಂದಾಗ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಅವನು ಗುಂಡು ತಿಂದು ಬಿದ್ದಾಗ ಹಾಲ್ ಗಪ್ಪಾಯಿತು. ಅಕ್ಕ ಸೆರಗಿನಿಂದ ಕಣ್ಣೊರಸಿಕೊಂಡಳು. ಅಲ್ಲಿಗೇ ಕರೆಂಟ್ ಹೋಗಿದ್ದರೆ ನಾನು ಗೆದ್ದಿರುತ್ತಿದ್ದೆ.

ಅರ್ಧ ತಾಸಿನ ಮೇಲೆ ಊರು ಸುಡುವುದು ಬಂತು. ಪರದೆಯ ತುಂಬ ಒಂದೇ ಮುಖ. ಖಾಕಿ ತೊಟ್ಟ ಅದೇ ಆಳು ಎಡಗೈಯಲ್ಲಿ ಪಂಜು ಹಿಡಿದು, ಮುದುಕಿಯೊಬ್ಬಳನ್ನು ಒದ್ದು ಗುಡಿಸಲಿಗೆ ಬೆಂಕಿ ಇಟ್ಟು, ಹಲ್ಲು ಕಿರಿದು ನಕ್ಕ. ಹಿಂದಿನಿಂದ ಯಾರೋ ಕೂಗಿದರು: “ಏ, ಸತ್ತಾಂವ ಎದ್ದು ಬಂದನಲೇ!” ಹಾಲ್ ಪೂರ್ತಿ ನಕ್ಕಿತು. ಅಕ್ಕ ನನ್ನ ಕೈ ಬಿಟ್ಟಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರಂತೆ. ನಾವು ಅಪ್ಪನನ್ನು ಮಾಡಲು ಹೋಗಿ ಅವನನ್ನು ಕೊಂದವರಲ್ಲೊಬ್ಬನನ್ನು ಮಾಡಿದ್ದೆವು.

ಮರುದಿನವೇ ವಾಡಿಗೆ ಹೋಗಿ ಡೈರೆಕ್ಟರನ ಮೇಲೆ ಹರಿಹಾಯ್ದೆ. ಅವನು ನೊಂದುಕೊಂಡೇ ಹೇಳಿದ: “ಬ್ಯಾರೆ ಶಾಟ್ ಎಲ್ಲಾ ಅಲುಗಾಡ್ಯಾವರಿ. ನೆಟ್ಟಗ ಬಂದದ್ದು ಅದೊಂದೇ. ಅದನ್ನ ತೆಗದ್ರ ಊರು ಸುಡೋದೇ ಇರಂಗಿಲ್ಲ.” ತೆಗೆದಿದ್ದರೂ ಏನು ಉಪಯೋಗ? ಆ ತುಣುಕು ಆಗಲೇ ನಗೆಯ ವಿಡಿಯೊ ಆಗಿ ಚಿತ್ತಾಪುರದ ತನಕ ಎಲ್ಲರ ಮೊಬೈಲಿನಲ್ಲಿ ಓಡುತ್ತಿತ್ತು.

ವಾರ ಬಿಟ್ಟು ಅಕ್ಕನ ಮನೆಗೆ ಹೋದೆ. ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದವಳು, “ಬರ್ರಿ ಮಾಸ್ತರ, ಕುಂದ್ರಿ,” ಅಂದಳು. ಚಹಾ ಮಾಡಿ ಕೊಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಜನಾ ಕಡಿಮಿ ಬಿದ್ದಿತ್ತಕ್ಕ,” ಅಂದೆ. “ಅಂವ ನಿಮ್ಮಪ್ಪ ಅಲ್ಲ. ಖಾಕಿ ಹಾಕಿದಾಂವ ಬ್ಯಾರೇನೇ ಅಂತ ತಿಳ್ಕೋ.”

“ಗೊತ್ತದರಿ. ನಾ ಏನ್ ಸಣ್ಣ ಕೂಸಾ?” ಮೊರ ಕೆಳಗಿಟ್ಟಳು. “ಮೊದಲ ನಮ್ಮಪ್ಪಗ ಮಾರೀನೇ ಇರ್ಲಿಲ್ಲ ಮಾಸ್ತರ. ಕಣ್ಣು ಮುಚ್ಚಿ ನನಗ ಹ್ಯಾಂಗ ಬೇಕೋ ಹಂಗ ಮಾಡ್ಕೋತಿದ್ದೆ. ಈಗ ಕಣ್ಣು ಮುಚ್ಚಿದ್ರ ಅಂವ ನಕ್ಕೋತ ಬೆಂಕಿ ಹಚ್ಚಲಿಕತ್ತಾನ. ಹ್ಯಾಂಗ ತೆಗೀಲಿ ಅದನ್ನ, ಹೇಳ್ರಿ?”

ಚಹಾದ ಕಪ್ಪು ಕೆಳಗಿಟ್ಟು ಎದ್ದು ಬಂದೆ. ಮೂವತ್ತು ವರ್ಷದ ನೆರೆಹೊರೆಯಲ್ಲಿ ದಿನಕ್ಕೊಮ್ಮೆಯಾದರೂ ಅಪ್ಪನ ಮಾತು ತೆಗೆಯುತ್ತಿದ್ದ ಅಕ್ಕ, ಅವತ್ತಿನಿಂದ ನನ್ನ ಮುಂದೆ ಅವನ ಸುದ್ದಿ ಎತ್ತಿಲ್ಲ.