ಕೈ ಮೇಲೆ ಕೂತ ಪಾಸ್ಟರ್ ಕಾಕಾ

ಪಾಸ್ಟರ್ ಕಾಕಾರ ಎಡಗಿವಿಗೆ ಕಿವಿಯ ಆಕಾರವೇ ಉಳಿದಿರಲಿಲ್ಲ. ಹರೆಯದಲ್ಲಿ ಕುಸ್ತಿ ಹಿಡಿಯುತ್ತಿದ್ದಾಗ ಎದುರಾಳಿಗಳ ಮೊಳಕೈಗೆ ಸಿಕ್ಕು ಸಿಕ್ಕು ಅದು ಹಿಂಡಿಟ್ಟ ಅರಿವೆಯಂತೆ ಮುದುರಿ ಗಟ್ಟಿಯಾಗಿತ್ತು. ನಾನು ಕಟಿಂಗ್ ಅಂಗಡಿಯವನ ಮಗಳು. ಜನರನ್ನು ಮುಖಕ್ಕಿಂತ ತಲೆಯಿಂದಲೇ ನೆನಪಿಡುವವಳು. ಆ ಕಿವಿಯ ಸುತ್ತ ಕತ್ತರಿ ಆಡಿಸುವಾಗ ಅಪ್ಪ ಉಸಿರು ಬಿಗಿಹಿಡಿಯುತ್ತಿದ್ದ. "ಹೆದರಬ್ಯಾಡೋ, ಅದಕ್ಕ ಇನ್ನ ಆಗೂದೇನೂ ಉಳದಿಲ್ಲ" ಎಂದು ಕಾಕಾ ಕುರ್ಚಿ ಅಲುಗುವಂತೆ ನಗುತ್ತಿದ್ದರು.

ಅವರು ರಟ್ಟೀಹಳ್ಳಿ ಕಡೆಯವರು. ಕುಸ್ತಿ ಬಿಟ್ಟು ದೇವರ ಕೆಲಸಕ್ಕೆ ಯಾಕೆ ಬಂದಿರೆಂದು ಕೇಳಿದರೆ ದಿನಕ್ಕೊಂದು ಕಾರಣ ಹೇಳುತ್ತಿದ್ದರು. ಹಾನಗಲ್ ತಾಲೂಕಿನ ನಮ್ಮೂರ ದಲಿತ ಕೇರಿಯಲ್ಲಿ, ತಗಡಿನ ಚಾವಣಿಯ ಬ್ಯಾಪ್ಟಿಸ್ಟ್ ಸಭೆಗೆ ಪಾಸ್ಟರಾಗಿ ಬಂದಾಗ ನಾನಿನ್ನೂ ಲಂಗದ ಹುಡುಗಿ. ಆ ಸಭೆಯವರು ನೆತ್ತಿಗೆ ನಾಲ್ಕು ಹನಿ ಚಿಮುಕಿಸಿ ಮುಗಿಸುವವರಲ್ಲ. ಬುದ್ಧಿ ಬಲಿತ ಮೇಲೆ ಇಡೀ ಮನುಷ್ಯನನ್ನೇ ನೀರಲ್ಲಿ ಮುಳುಗಿಸಿ ಎಬ್ಬಿಸಿ ದೀಕ್ಷೆ ಕೊಡುತ್ತಾರೆ. ಹಾಗಾಗಿ ಊರವರು ಕಾಕಾರಿಗೆ ಇಟ್ಟ ಹೆಸರು 'ಮುಳುಗಿಸೋ ಪಾದ್ರಿ'. ಒಮ್ಮೆ ಒಬ್ಬ ಕುಡಿದು ಹೆಂಡತಿಯನ್ನು ಬೀದಿಯಲ್ಲಿ ಜಡೆ ಹಿಡಿದು ಎಳೆದಾಡುತ್ತಿದ್ದ. ಕಾಕಾ ಅವನನ್ನು ಹೆಗಲ ಮೇಲೆ ಹೊತ್ತು ಒಯ್ದು ಹಳ್ಳಕ್ಕೆ ಎಸೆದರು. ಅವನ ಮುಂದಿನ ಹಲ್ಲು ಉದುರಿದವು. ಬೇಡವೆಂದವನಿಗೂ ದೀಕ್ಷೆ ಆಯಿತೆಂದು ಊರೆಲ್ಲ ನಕ್ಕಿತು. ಕಾಕಾ ನಗಲಿಲ್ಲ. ಹೊಡೆಯುವುದೆಂದರೆ ತಮ್ಮ ಕೈಗೆ ಇನ್ನೂ ಹಿಗ್ಗೆಂದು ತಿಳಿದು ಅವರಿಗೆ ಹೆದರಿಕೆಯಾಗಿತ್ತಂತೆ. ಅಂದಿನಿಂದ ಸಿಟ್ಟು ಬಂದರೆ ಎರಡೂ ಅಂಗೈಯನ್ನು ತೊಡೆಯ ಕೆಳಗೆ ತೂರಿಸಿ ಕೂರುವುದು ಅವರ ಪದ್ಧತಿಯಾಯಿತು. "ಈಗ ಮಾತಾಡ್ರಿ, ಕೈ ಮ್ಯಾಲೆ ಕುಂತೇನಿ" ಅನ್ನುತ್ತಿದ್ದರು.

ನಮ್ಮೂರಲ್ಲಿ ಅಪ್ಪ ಕೇರಿಯವರ ತಲೆ ಮುಟ್ಟುವಂತಿರಲಿಲ್ಲ. ಅಂಗಡಿ ಇದ್ದದ್ದು ಊರ ಧಣಿಯ ಜಾಗದಲ್ಲಿ. ಕೇರಿಯವನನ್ನು ಕುರ್ಚಿಗೆ ಕೂರಿಸಿದ ದಿನವೇ ಅಂಗಡಿ ಖಾಲಿ ಎಂದು ಆತ ಮೊದಲೇ ಹೇಳಿಟ್ಟಿದ್ದ. ಕಾಕಾ ಹೊರಗಿನವರು, ಓದಿದವರು ಎಂದು ಅವರಿಗೆ ಮಾತ್ರ ಕುರ್ಚಿ ಸಿಗುತ್ತಿತ್ತು. ಕೇರಿಯ ಗಂಡಸರು ಕಟಿಂಗಿಗೆ ಹಾನಗಲ್ಲಿಗೆ ಬಸ್ ಹತ್ತುವುದನ್ನು ನೋಡಲಾರದೆ ಕಾಕಾ ಸವಣೂರಿನಿಂದ ಕತ್ತರಿ ತಂದರು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಬೇವಿನ ಮರದಡಿ ತಾವೇ ಕೂದಲು ಕತ್ತರಿಸತೊಡಗಿದರು. ಎಂಥ ಕಟಿಂಗ್ ಅದು! ದನ ಮೇಯ್ದ ಹೊಲ. ನಮ್ಮ ಶಾಲೆಯಲ್ಲಿ ಅದಕ್ಕೆ 'ಪಾಸ್ಟರ್ ಕಟ್' ಎಂದೇ ಹೆಸರು. ಅವರಿಗೆ ಮಾತ್ರ ಅದರ ಬಗ್ಗೆ ವರ್ಷಗಟ್ಟಲೆ ಭಾರಿ ಹೆಮ್ಮೆ ಇತ್ತು.

ನಾನು ಪಿಯುಸಿ ಓದುವಾಗಿನ ಒಂದು ಭಾನುವಾರ, ಮರುದಿನ ನಿಶ್ಚಯವಿದ್ದ ಕೇರಿಯ ಯುವಕನೊಬ್ಬ ಅವರ ಮುಂದೆ ತಲೆ ಬಗ್ಗಿಸಿ ಕೂತಿದ್ದ. ಅರ್ಧ ಕೂದಲು ಬಿದ್ದಿತ್ತು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಅವನ ಅವ್ವ ಬಾಯಿಬಿಟ್ಟಳು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಪಾಸ್ಟರ್. ಮೊದ್ಲ ಊರವ್ರಿಗೆ ನಮ್ಮನ್ನ ಕಂಡ್ರ ಒಂಚೂರು ನಾಚಿಕಿ ಆದ್ರೂ ಇತ್ತು. ಈಗ ಅದೂ ಹೋತು. 'ನಿಮಗ ನಿಮ್ಮ ಪಾದ್ರಿ ಅದಾನಲ್ಲ' ಅಂತಾರ. ನೀವು ಕತ್ತರಿ ಹಿಡದಿದ್ದು ಅವ್ರಿಗೇ ಚೊಲೋ ಆಗೇತಿ ನೋಡ್ರಿ."

ಕಾಕಾ ಕತ್ತರಿ ಕೆಳಗಿಟ್ಟರು. "ಏಳಪಾ, ಹೋಗೂಣು" ಎಂದರು. ಕೊರಳಿಗೆ ಕಟ್ಟಿದ ಪಂಚೆಯನ್ನೂ ಬಿಚ್ಚದೆ, ಅರ್ಧ ತಲೆಯ ಮದುಮಗನನ್ನು ಊರ ನಡುವಿನಿಂದಲೇ ಅಪ್ಪನ ಅಂಗಡಿಗೆ ನಡೆಸಿಕೊಂಡು ಬಂದರು.

ಬುತ್ತಿ ಕೊಡಲು ಹೋದ ನಾನು ಅಂಗಡಿಯಲ್ಲೇ ಇದ್ದೆ.

"ಅರ್ಧ ಆಗೇತಿ ತಮ್ಮಾ. ಉಳದಿದ್ದು ನೀನ ಮಾಡಬೇಕು" ಎಂದರು ಕಾಕಾ.

"ನನ್ನ ಹೊಟ್ಟಿ ಮ್ಯಾಲೆ ಯಾಕ ಹೊಡಿತೀರಿ? ನಾನೂ ಮಕ್ಕಳೊಂದಿಗ ಅದೇನ್ರಿ" ಎಂದು ಅಪ್ಪ ಕೈಮುಗಿದ.

"ಜುಲ್ಮಿ ಏನಿಲ್ಲ. ನೀ ಮಾಡೂತನಕ ಕುಂದರ್ತೇನಿ" ಎಂದು ಕಾಕಾ ಬೆಂಚಿನ ಮೇಲೆ ಕೂತರು.

ಸುದ್ದಿ ಮುಟ್ಟಲು ಎಷ್ಟು ಹೊತ್ತು? ಧಣಿ ತನ್ನ ಅಳಿಯ ಮತ್ತು ಆಳುಗಳೊಂದಿಗೆ ಬಡಿಗೆ ಹಿಡಿದು ನುಗ್ಗಿದ. ಮೊದಲ ಏಟು ಯುವಕನ ಬೆನ್ನಿಗೆ ಬಿತ್ತು. ಅವನು ಮೂಲೆಗೆ ಉರುಳಿದ. ಎರಡನೆಯದು ಕನ್ನಡಿಗೆ. ಆಮೇಲೆ ಎಲ್ಲರೂ ಕಾಕಾರ ಮೇಲೆ ಬಿದ್ದರು. ಅವರ ಅಂಗೈಗಳು ತೊಡೆಯ ಕೆಳಗೆ ಹೋದದ್ದನ್ನು ನಾನು ಕಣ್ಣಾರೆ ನೋಡಿದೆ. ಭುಜಕ್ಕೆ ಬಿತ್ತು, ಬಾಯಿಗೆ ಬಿತ್ತು, ಹುಬ್ಬು ಹರಿದು ಕಣ್ಣೊಳಗೆ ರಕ್ತ ಇಳಿಯಿತು. ಆ ಮನುಷ್ಯ ಬೆಂಚು ಬಿಟ್ಟು ಏಳಲಿಲ್ಲ. ಧಣಿ ಅಪ್ಪನ ಕಡೆ ತಿರುಗಿದ.

"ಏಯ್, ಕತ್ತಿ ತಗೋ. ಈ ಪಾದ್ರಿ ತಲಿ, ಮೀಸಿ ಎಲ್ಲಾ ಬೋಳಸು. ಊರ ತುಂಬ ಮೆರವಣಿಗಿ ಮಾಡೂಣು."

ಅಪ್ಪ ಕತ್ತಿ ಮುಟ್ಟಲಿಲ್ಲ. ಕತ್ತರಿ ತೆಗೆದುಕೊಂಡ. ಮೂಲೆಯಲ್ಲಿ ನಡುಗುತ್ತಿದ್ದ ಯುವಕನ ರಟ್ಟೆ ಹಿಡಿದು ಎಬ್ಬಿಸಿ, ಕುರ್ಚಿಯ ಮೇಲಿನ ಗಾಜು ಒರೆಸಿ ಕೂರಿಸಿ, ಉಳಿದರ್ಧ ತಲೆಗೆ ಕೈಹಾಕಿದ. ಬಂದವರಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಅಷ್ಟು ಧೈರ್ಯ ಎಲ್ಲಿಂದ ಬಂತಪ್ಪಾ ಎಂದು ಇವತ್ತು ಕೇಳಿದರೂ ಅಪ್ಪನದು ಒಂದೇ ಉತ್ತರ: "ಅರ್ಧಮರ್ಧ ಕೆಲಸ ನೋಡಾಕ ಆಗಲಿಲ್ಲವಾ."

ಧಣಿಯ ಅಳಿಯ ಅಪ್ಪನ ದವಡೆಗೆ ಬಡಿಗೆ ಬೀಸಿದ. ಅಪ್ಪ ಕುಸಿದ. ಆಗ ಕಾಕಾರ ಕೈಗಳು ಹೊರಗೆ ಬಂದವು. ಒಣಗಿದ ಹತ್ತಿಕಟ್ಟಿಗೆ ಮುರಿದಂತೆ ಅಳಿಯನ ತೋಳು ಲಟಕ್ಕೆಂದದ್ದು ಇನ್ನೂ ನನ್ನ ಕಿವಿಯಲ್ಲಿದೆ. ಇನ್ನೊಬ್ಬನನ್ನು ಎತ್ತಿ ಬಾಗಿಲಾಚೆ ಒಗೆದರು. ನನಗೆ ಭಯವಾಗಲಿಲ್ಲ, ಖುಷಿಯಾಯಿತು. ಅದನ್ನು ಮುಚ್ಚಿಡುವುದು ಯಾತಕ್ಕೆ?

ಅವತ್ತು ಸಂಜೆಯೊಳಗೆ ಅಂಗಡಿಗೆ ಬೆಂಕಿ ಬಿತ್ತು. ಪೊಲೀಸರು ಎರಡೂ ಕಡೆಯವರ ಮೇಲೆ ಕೇಸು ಹಾಕಿದರು, ಕಾಕಾ ಜೈಲಿಗೂ ಹೋಗಿ ಬಂದರು. ಸಭೆಯ ಹಿರಿಯರು ಹುಬ್ಬಳ್ಳಿಯಿಂದ ಬಂದು, 'ಧಣಿಯ ಕ್ಷಮೆಯನ್ನಾದರೂ ಕೇಳಿ, ಇಲ್ಲವೇ ಸಭೆ ಬಿಡಿ' ಎಂದು ಕಾಕಾರಿಗೆ ಹೇಳಿದರು. ಕಾಕಾ ಸಭೆ ಬಿಟ್ಟರು. ಹೊಡೆಯದೇ ಇದ್ದಿದ್ದರೆ ಇದೆಲ್ಲ ಆಗುತ್ತಿರಲಿಲ್ಲವಲ್ಲ ಎಂದು ನಾನು ಕೇಳಿದ್ದಕ್ಕೆ ಅವರು ಹೇಳಿದ ಮಾತಿನಷ್ಟು ದೊಡ್ಡ ಪಾಠ ನನಗೆ ಯಾವ ಕಾಲೇಜಿನಲ್ಲೂ ಸಿಗಲಿಲ್ಲ.

"ನನ್ನ ಕೆನ್ನಿ ಆದ್ರ ಇನ್ನೊಂದ ಸಲಾ ತೋರಸ್ತಿದ್ದೆ ಯವ್ವಾ. ನಿಮ್ಮಪ್ಪನ ಕೆನ್ನಿ ತೋರಸಾಕ ನಾ ಯಾರು?"

ಆಮೇಲೆ ಅವರಿಗೆ ಪೀಠವಿಲ್ಲ, ಸಂಬಳವಿಲ್ಲ, ಕೆಲಸ ಮಾತ್ರ ಮೊದಲಿಗಿಂತ ಹೆಚ್ಚು. ತಾಲೂಕು ಕಚೇರಿಗೆ ಅಲೆದು ಅಲೆದು ಬಸ್ ನಿಲ್ದಾಣದ ಹತ್ತಿರದ ಪಂಚಾಯಿತಿ ಮಳಿಗೆಯನ್ನು ಅಪ್ಪನಿಗೆ ಕೊಡಿಸಿದರು. ಅಲ್ಲಿ ಯಾರು ಬೇಕಾದರೂ ಕೂರಬಹುದು. ಊರ ದೊಡ್ಡವರು ಸೆಟೆದುಕೊಂಡು ದಾಡಿಗೆ ಹಾನಗಲ್ ಬಸ್ ಹತ್ತತೊಡಗಿದರು! ಕೆಲವು ವರ್ಷ ಹಟ ಸಾಧಿಸಿದರು. ಕೊನೆಗೆ ದಾಡಿ ಕೆರೆತಕ್ಕೆ ಸೋತು ಒಬ್ಬೊಬ್ಬರೇ ಮೆಲ್ಲಗೆ ಬಂದು ಬೆಂಚಿಗೆ ಕೂತರು. ಕಾಕಾ ಮಾತ್ರ ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದು ಹಳೆಯ ಬೈಕಿನಲ್ಲಿ ಹಳ್ಳಿ ಹಳ್ಳಿ ತಿರುಗಿದರು. ಎಲ್ಲಿ ಕೇರಿಯವರಿಗೆ ಬಾಗಿಲು ಮುಚ್ಚಿದೆಯೋ ಅಲ್ಲಿ ಹೋಗಿ ಕೂರುವುದು, ಏಟು ತಿಂದು ಬರುವುದು. ಅವರು ಮನೆಗೆ ಬಂದರೆ ಅವ್ವ ಮೊದಲು ಅರಿಷಿಣ ಎಣ್ಣೆ ಬಿಸಿಗಿಡುತ್ತಿದ್ದಳು, ಚಹಾ ಆಮೇಲೆ.

ಹೋದ ವರ್ಷ ಹಿರೇಕೆರೂರು ಕಡೆಯ ಒಂದು ಹಳ್ಳಿಯಲ್ಲಿ, ಕೇರಿಯವರಿಗೆಂದು ಹೋಟೆಲಿನ ಹೊರಗಿಟ್ಟ ಬೇರೆ ಕಪ್ಪುಗಳನ್ನು ಒಳಗಿಡಿ ಎಂದು ಕೂತಿದ್ದಾಗ ಹಿಂದಿನಿಂದ ತಲೆಗೆ ರಾಡು ಬಿತ್ತು. ಆಸ್ಪತ್ರೆಯಲ್ಲಿ ಕಣ್ಣು ತೆರೆಯದೆಯೇ ತೀರಿಕೊಂಡರು. ಹೊಡೆದವನು ಇನ್ನೂ ಸಿಕ್ಕಿಲ್ಲ. ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದು ನನಗೆ ಬೇಕಾಗಿಯೂ ಇಲ್ಲ.

ಮಣ್ಣು ಮಾಡಿದ ಮರುದಿನ ಅಪ್ಪ ಅಂಗಡಿ ತೆಗೆದಾಗ ಕೇರಿಯ ಗಂಡಸರು ಬಾಗಿಲಲ್ಲಿ ನಿಂತಿದ್ದರು. ಅಂದು ಏಟು ತಿಂದ ಮದುಮಗ ಮೊದಲು ಬಂದು ಕೂತು, "ಪೂರಾ ಬೋಳಸ್ರಿ" ಎಂದ.

"ಸತ್ರ ತಲಿ ಬೋಳಸೂದು ನಿಮ್ಮ ಸಭಾದಾಗ ಇಲ್ಲಲ್ಲೋ. ಅವರಿದ್ದಿದ್ರ ಬೈತಿದ್ರು" ಎಂದ ಅಪ್ಪ.

"ಬೈಲಿ ಬಿಡ್ರಿ. ಅಪ್ಪ ಸತ್ತ ಮ್ಯಾಲೆ ಮಕ್ಕಳು ಕೂದ್ಲ ಬಾಚ್ಕೊಂಡು ತಿರಗ್ತಾರೇನು?"

ಒಬ್ಬರ ಹಿಂದೆ ಒಬ್ಬರು ಕೂತು ಎದ್ದರು. ದಾಡಿಗೆ ಬಂದ ಊರಿನವರು ಬೆಂಚಿನ ಮೇಲೆ ಕಾದರು. ನಮ್ಮದು ಮೊದಲು ಮುಗಿಸು ಎಂದು ಯಾರ ಬಾಯಿಂದಲೂ ಬರಲಿಲ್ಲ. ಕೇರಿಯವರದು ಮುಗಿದ ಮೇಲೆ ಅಪ್ಪ ಬಟ್ಟೆ ಕೊಡವಿದ. ಮುಂದಿನವರನ್ನು ಕರೆಯಲಿಲ್ಲ. ತಾನೇ ಕುರ್ಚಿಯಲ್ಲಿ ಕೂತು, ಬಟ್ಟೆಯನ್ನು ತನ್ನ ಕೊರಳಿಗೆ ಕಟ್ಟಿಕೊಂಡು ನನ್ನನ್ನು ಕರೆದ.

"ನನಗ ಬರಂಗಿಲ್ಲಪಾ" ಎಂದೆ.

"ಗೊತ್ತೈತಿ. ಬಾ."

ನನ್ನಜ್ಜ ಸತ್ತಾಗ ಬೋಳಿಸಿದ ಮೇಲೆ ಆ ತಲೆಗೆ ಕತ್ತಿ ತಾಗಿರಲಿಲ್ಲ. ಬೆಂಚಿನ ಮೇಲೆ ಕೂತವರೆಲ್ಲ ನೋಡುತ್ತಿದ್ದಂತೆ ನಾನು ಅಪ್ಪನ ತಲೆಗೆ ನೀರು ಹಚ್ಚಿದೆ.