ಇನ್ನು ಬೇಕಾಗಿಲ್ಲದವು

ಗೆಳೆಯರೇ, ನಮ್ಮ ಮನೆಯವರು ತೀರಿಕೊಂಡ ಮೇಲೆ ಅವರ ಲ್ಯಾಪ್‌ಟಾಪ್ ನಾನೇ ಬಳಸುತ್ತಿದ್ದೇನೆ. ಅದರಲ್ಲಿ ವಿಂಡೋಸ್ ಬದಲು ಇರುವ ಲಿನಕ್ಸ್ ನನಗೆ ಹೊಸದು. ಭದ್ರತೆಯ ಅಪ್‌ಡೇಟ್ ಮಾಡಿಕೊಳ್ಳಿ ಎಂದು ಸೂಚನೆ ಬಂದಿತ್ತು. ಇವತ್ತು ಮಧ್ಯಾಹ್ನ ಮೂಡಲಗಿಯ ನಾದಿನಿ ಫೋನಿನಲ್ಲಿ ಹೇಳಿದಂತೆ ಒಂದೊಂದೇ ಸಾಲು ಟೈಪ್ ಮಾಡಿದೆ. ಅಪ್‌ಡೇಟ್ ಮುಗಿಯಿತು. ಕೊನೆಯ ಸಾಲಿಗೆ ಏನೇನೋ ಹೆಸರುಗಳು ಬಂದು, ಇವು ಇನ್ನು ಬೇಕಾಗಿಲ್ಲ, ತೆಗೆಯಲೇ, ಹೌದಾದರೆ ವಾಯ್, ಬೇಡವಾದರೆ ಎನ್ ಒತ್ತಿ ಎಂದು ಇಂಗ್ಲಿಷಿನಲ್ಲಿ ಕೇಳಿತು.

ಹೋದ ವಾರ ಮನೆಯ ಹಿರಿಯರು ಇವರ ಅಂಗಿ, ಚಪ್ಪಲಿ ತೋರಿಸಿ ಇದನ್ನೇ ಕೇಳಿದ್ದರು. ನನ್ನ ಕೈ ಅಲ್ಲೇ ನಿಂತಿತು.

"ವಾಯ್ ಒತ್ತರಿ ವೈನಿ," ಎಂದಳು ನಾದಿನಿ.

"ಅವರ ಫೋಟೋ, ದನಿ ಎಲ್ಲಾ ಹೋದ್ರ?"

"ಅಣ್ಣಂದು ಏನೂ ಹೋಗಂಗಿಲ್ರಿ. ಅವು ಲಿನಕ್ಸಿನ ಹಳೇ ಸಾಮಾನ. ಖರೇನ ಯಾರಿಗೂ ಬ್ಯಾಡ."

"ಇಟ್ಕೊಂಡ್ರ ಏನಾಕ್ಕೈತಿ?"

"ಏನೂ ಇಲ್ರಿ. ಸುಮ್ನ ಜಾಗಾ ತಿಂತಾವ."

"ಹಂಗಾರ ಇರ್ಲಿ ಬಿಡವಾ."

"ನೀವು ಕಂಪ್ಯೂಟರಿನ ಕಸಾನೂ ಬಿಡಂಗಿಲ್ಲ ನೋಡ್ರಿ," ಎಂದು ನಕ್ಕಳು. ಆಮೇಲೆ ಅವಳು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

ನಾನು ಎನ್ ಒತ್ತಿದೆ. ಯಾಕೆ ಎಂದು ಲ್ಯಾಪ್‌ಟಾಪ್ ಕೇಳಲಿಲ್ಲ, ಬುದ್ಧಿ ಹೇಳಲಿಲ್ಲ. ಅಷ್ಟು ತಿಳಿವಳಿಕೆ ಯಂತ್ರಕ್ಕಾದರೂ ಇದೆ.